ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿರುವ ತಮ್ಮನಿಗೆ

ತಮ್ಮಾ, ಮೊನ್ನೆ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲಾಗಲಿಲ್ಲ. ಮನೆ ತುಂಬ ಮಂದಿ ಇದ್ದರು. ‘ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಓಡಾಡುವಾಗ ದೇವರಿಗೆ ಟೈಮ್ ಇರಲಿಲ್ಲ ಕಾಕಾ. ಈಗ ಬೈಕಿನಿಂದ ಬಿದ್ದು ಗುರುಗುಂಟಾಕ್ಕೆ ಬಂದು ಮಲಗಿದ್ದೇನೆ, ಟೈಮ್ ಬೇಕಾದಷ್ಟಿದೆ, ಬೈಬಲ್ ತೆಗೆದರೆ ಮನಸ್ಸೇ ನಿಲ್ಲುವುದಿಲ್ಲ’ ಅಂದೆ. ಅದನ್ನು ದೊಡ್ಡ ಪಾಪವೆಂಬಂತೆ ಹೇಳಿದೆ. ಪಾಪ ಅಲ್ಲಪ್ಪ ಅದು, ದಣಿವು.

ಎಲೀಯನ ಕಥೆಯನ್ನು ಸಂಡೇ ಸ್ಕೂಲಿನಲ್ಲೇ ಕೇಳಿದ್ದೀ. ಆದರೆ ಅದರಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬುದನ್ನು ಗಮನಿಸಿದ್ದೀಯಾ? ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಕೆಲಸ ಮಾಡಿದ ಮನುಷ್ಯ ರಾಣಿ ಈಜೆಬೆಲಳಿಗೆ ಹೆದರಿ ಓಡಿಹೋಗಿ, ಅಡವಿಯಲ್ಲಿ ಒಂದು ಜಾಲಿ ಗಿಡದ ಕೆಳಗೆ ಬಿದ್ದುಕೊಂಡು, ಇನ್ನು ಸತ್ತರೆ ಸಾಕು ಎಂದು ಬೇಡಿಕೊಂಡ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ, ಗದರಿಸಲಿಲ್ಲ. ಮಲಗಲು ಬಿಟ್ಟ. ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕಳಿಸಿದ. ಎಲೀಯ ಉಂಡು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಉಣ್ಣಲು ಕೊಟ್ಟಾಯಿತು. ಹೋರೇಬ್ ಬೆಟ್ಟದಲ್ಲಿ ದೇವರ ಆ ಮೆಲುದನಿ ಅವನಿಗೆ ಕೇಳಿಸಿದ್ದು ಎಷ್ಟೋ ದಿನ ನಡೆದ ಮೇಲೆ. ಊಟ ಮೊದಲು, ನಿದ್ದೆ ಮೊದಲು, ಮಾತು ಆಮೇಲೆ.

ಹದಿನೆಂಟನೇ ವಯಸ್ಸಿಗೇ ಗುಳೆ ಹೋದವನು ನೀನು. ಅವತ್ತಿನಿಂದ ನಿದ್ದೆಯನ್ನು ಸಾಲ ಮಾಡಿಕೊಂಡೇ ಬಂದಿದ್ದೀ. ಮೊದಲ ಕೆಲವು ವಾರ ಅವ್ವ ಕೊಟ್ಟಿದ್ದನ್ನು ಉಣ್ಣು, ಮಲಗು. ಡಾಕ್ಟರು ಹೇಳಿದ ವ್ಯಾಯಾಮವನ್ನು ನೋವಾದರೂ ತಪ್ಪಿಸಬೇಡ. ‘ಪ್ರಾರ್ಥನೆ ಮಾಡಿದರೆ ಸಾಕು, ಮಾತ್ರೆ ಯಾಕೆ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಲೇಬೇಡ.

ಇನ್ನೊಂದು ಮಾತನ್ನೂ ಹಲವರು ಬಂದು ಹೇಳುತ್ತಾರೆ: ನಿನ್ನನ್ನು ದಾರಿಗೆ ತರಲೆಂದೇ ದೇವರು ಕಾಲು ಮುರಿದ ಎಂದು. ನಾನದನ್ನು ಒಪ್ಪುವುದಿಲ್ಲ. ಹುಟ್ಟುಕುರುಡನನ್ನು ಕಂಡು, ಯಾರು ಮಾಡಿದ ಪಾಪಕ್ಕೆ ಇದು ಎಂದು ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದ. ಯೋಬನ ಗೆಳೆಯರು ಏಳು ದಿನ ಸುಮ್ಮನೆ ಅವನ ಪಕ್ಕದಲ್ಲಿ ಕೂತಿದ್ದಷ್ಟು ಹೊತ್ತು ಒಳ್ಳೆಯ ಗೆಳೆಯರೇ ಆಗಿದ್ದರು. ಬಾಯಿ ಬಿಟ್ಟ ಮೇಲೆ ಕೆಟ್ಟರು. ನಿನ್ನ ಕಾಲು ಮುರಿದದ್ದು ರಸ್ತೆಯ ಗುಂಡಿಯಿಂದ. ಮುರಿದ ಕಾಲಿನ ಪಕ್ಕದಲ್ಲಿ ಬಂದು ಕೂರುವವನು ದೇವರು. ಈ ಎರಡನ್ನೂ ಒಂದಕ್ಕೊಂದು ಕಲಸಬೇಡ.

ನಿನ್ನ ಹಾಗೇ ಕಾಲು ಮುರಿದುಕೊಂಡ ಒಬ್ಬನ ಸಂಗತಿ ಹೇಳುತ್ತೇನೆ ಕೇಳು. ರಾಯಚೂರಿನಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಷಾಹನೂ ಯುದ್ಧ ಮಾಡಿದ್ದು 1520ರ ಮೇ ತಿಂಗಳಲ್ಲಿ. ಮರುವರ್ಷ ಅದೇ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆ ಕಾಯುತ್ತಿದ್ದ ಇಗ್ನೇಷಿಯಸ್ ಲೊಯೋಲಾ ಎಂಬವನ ಕಾಲಿಗೆ ತೋಪಿನ ಗುಂಡು ಬಡಿಯಿತು. ಅವನಿಗೆ ಮೂವತ್ತರ ಆಸುಪಾಸು. ಹೆಸರು ಗಳಿಸುವ ಹುಚ್ಚು, ದರ್ಬಾರಿನ ಹುಚ್ಚು. ಮೂಳೆ ಸೊಟ್ಟ ಕೂಡಿತೆಂದು ಮತ್ತೆ ಮುರಿಸಿ ಕೂಡಿಸಿಕೊಂಡ. ಆದರೂ ಜೀವನಪೂರ್ತಿ ಕುಂಟಿದ. ತಿಂಗಳುಗಟ್ಟಲೆ ಮಲಗಿದ್ದಾಗ ಓದಲು ವೀರರ ಪ್ರಣಯದ ಕಥೆಗಳನ್ನು ಕೇಳಿದ. ಅವನು ಮಲಗಿದ್ದ ಮನೆಯಲ್ಲಿ ಅಂಥವು ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತನ ಜೀವನದ ಒಂದು ಪುಸ್ತಕ, ಸಂತರ ಕಥೆಗಳದ್ದು ಇನ್ನೊಂದು.

ಓದುತ್ತ ಅವನು ಒಂದು ಸೂಕ್ಷ್ಮ ಕಂಡುಕೊಂಡ. ದರ್ಬಾರಿನ ಹೆಣ್ಣಿನ ಕನಸು ಕಾಣುವಾಗ ಹಿತವಾಗಿಯೇ ಇರುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಕ್ರಿಸ್ತನ ಹಿಂದೆ ಹೋಗುವ ಯೋಚನೆ ಮಾಡಿದಾಗ, ಅದು ಮುಗಿದ ಮೇಲೂ ಹಿತ ಉಳಿಯುತ್ತಿತ್ತು. ಅವನ ಮುಂದಿನ ಬದುಕಿನ ಬೀಜ ಇದೇ. 1540ರಲ್ಲಿ ಪೋಪರ ಒಪ್ಪಿಗೆ ಪಡೆದ ಜೆಸ್ವಿಟ್ ಸಂಘ ಇವನು ಕಟ್ಟಿದ್ದು. ಅದೆಲ್ಲೋ ಸ್ಪೇನಿನ ಕಥೆ ಅಂದುಕೊಳ್ಳಬೇಡ. ಲಿಂಗಸೂಗೂರು ದಾಟಿದರೆ ಮುದಗಲ್ ಇದೆಯಲ್ಲ, ಅಲ್ಲಿನ ಹಳೆಯ ಚರ್ಚು 1557ಕ್ಕೂ ಮುಂಚೆ ಜೆಸ್ವಿಟ್ ಪಾದ್ರಿಗಳು ಕಟ್ಟಿಸಿದ್ದೆಂದು ಗೆಜೆಟಿಯರಿನಲ್ಲಿ ದಾಖಲಾಗಿದೆ. ಅವರು ಕಥೋಲಿಕರು, ನಾವು ಮೆಥೋಡಿಸ್ಟರು. ಇರಲಿ. ಕಾಲು ನೆಟ್ಟಗಾದ ಮೇಲೆ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಇಗ್ನೇಷಿಯಸ್ ಮಾಡಿದ್ದನ್ನು ನೀನೂ ಮಾಡಬಹುದು. ನಿನ್ನ ಕೈಯಲ್ಲಿ ಮೊಬೈಲ್ ಇದೆ. ಎರಡು ತಾಸು ರೀಲ್ಸ್ ನೋಡಿ ಕೆಳಗಿಟ್ಟ ಮೇಲೆ ಒಳಗೆ ಏನು ಉಳಿಯಿತು ನೋಡಿಕೋ. ಬೆಳಗ್ಗೆ ಅವ್ವನ ಜೊತೆ ಒಂದು ಕೀರ್ತನೆ ಓದಿದ ಮೇಲೆ ಏನು ಉಳಿಯಿತು, ಅದನ್ನೂ ನೋಡಿಕೋ. ಯಾರೂ ಹೇಳುವುದು ಬೇಡ, ನಿನಗೇ ತಿಳಿಯುತ್ತದೆ.

ಇಡೀ ಬೈಬಲನ್ನು ಮೂರು ತಿಂಗಳಲ್ಲಿ ಮುಗಿಸುತ್ತೇನೆಂದು ಹೊರಟಿದ್ದೀಯಂತೆ. ಬೇಡ. ಅದೂ ಗುತ್ತಿಗೆ ಕೆಲಸವೇ ಆಗುತ್ತದೆ. ದಿನಕ್ಕೆ ಇಷ್ಟು ಚದರಡಿ ಎಂದು ಲೆಕ್ಕ ಹಾಕಿ ಹಾಕಿ ನಿನಗೆ ಅದೇ ರೂಢಿಯಾಗಿದೆ. ಮಾರ್ಕನ ಸುವಾರ್ತೆ ತೆಗೆದುಕೋ. 16 ಅಧ್ಯಾಯ, ಎಲ್ಲಕ್ಕಿಂತ ಚಿಕ್ಕ ಸುವಾರ್ತೆ. ದಿನಕ್ಕೊಂದು ಘಟನೆ ಸಾಕು. ಎರಡನೇ ಅಧ್ಯಾಯದ ಪಾರ್ಶ್ವವಾಯು ರೋಗಿಯ ಹತ್ತಿರ ಬಂದಾಗ ನಿಲ್ಲು. ಅವನು ತಾನಾಗಿ ನಡೆದು ಬರಲಿಲ್ಲ. ನಾಲ್ವರು ಹೊತ್ತು ತಂದರು, ಮಾಳಿಗೆ ಬಿಚ್ಚಿ ಇಳಿಸಿದರು. ನಮ್ಮ ಕಡೆಯ ಮಣ್ಣಿನ ಮಾಳಿಗೆಮನೆ ಕಂಡವರಿಗೆ ಆ ಧೂಳು, ಆ ಗದ್ದಲ ಕಣ್ಣಿಗೆ ಕಟ್ಟುತ್ತದೆ. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನೂ ಹೌದು. ನಿನಗೆ ಪ್ರಾರ್ಥಿಸಲು ಆಗದ ದಿನ ನಾವು ಪ್ರಾರ್ಥಿಸುತ್ತೇವೆ. ಅಷ್ಟು ದಿನ ಹೊರಿಸಿಕೊಳ್ಳಲು ನಾಚಬೇಡ.

ಸಿಟ್ಟು ಬಂದರೆ ಸಿಟ್ಟನ್ನೇ ದೇವರ ಮುಂದೆ ಇಡು. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಸಾಲು ಬರುವುದಿಲ್ಲ. ಅದೂ ಬೈಬಲಿನೊಳಗೇ ಇದೆ. ಚೆಂದದ ಮಾತು ಸಿಕ್ಕಿದ ಮೇಲೆ ಪ್ರಾರ್ಥಿಸೋಣ ಎಂದು ಕಾಯುತ್ತ ಕೂರಬೇಡ.

ಕೂಲಿ ಇಲ್ಲದೆ ಮನೆ ಹೇಗೆ ನಡೆದೀತು ಎಂಬ ಚಿಂತೆ ನಿನ್ನನ್ನು ತಿನ್ನುತ್ತಿದೆ, ಗೊತ್ತು. ಸಿಂಧನೂರು, ಮಸ್ಕಿಯ ಕಾಲುವೆ ಕೆಳಗಿನ ರೈತರನ್ನು ಕೇಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಅವರ ನಿದ್ದೆಯೂ ಹೋಗಿತ್ತು. ಬೆಳೆ ನಿಂತರೆ ಮನೆ ಹೇಗೆ ನಡುಗುತ್ತದೆಂದು ಅವರಿಗೆ ಗೊತ್ತು. ಏಳನೇ ವರ್ಷ ಭೂಮಿಯನ್ನು ಬೀಳು ಬಿಡಬೇಕೆಂದು ಯಾಜಕಕಾಂಡ ಹೇಳುವಾಗ, ಹಾಗಾದರೆ ಏನು ತಿನ್ನೋಣ ಎಂದು ಜನ ಕೇಳುತ್ತಾರೆ ಎಂಬುದನ್ನೂ ಅಲ್ಲೇ ಬರೆದಿದೆ. ಹಸಿವಿನ ಪ್ರಶ್ನೆ ಕೇಳುವುದು ಅಪನಂಬಿಕೆ ಅಲ್ಲ. ಅದಕ್ಕೇ ನಾನು ಸಭೆಯ ಹಿರಿಯರ ಹತ್ತಿರ ಮಾತಾಡಿದ್ದೇನೆ. ನಿಮ್ಮ ಮನೆಗೆ ಜೋಳ, ಬೇಳೆ ಬರುತ್ತದೆ. ಬೇಡ ಅನ್ನಬೇಡ, ನೀನು ದುಡಿಯುವಾಗ ಬೇರೆಯವರ ಮನೆಗೆ ಕೊಟ್ಟವನೇ.

ನಿಮ್ಮ ಅಣ್ಣ ಎರಡು ಸಲ ಬಾಗಿಲವರೆಗೆ ಬಂದು ಹೋದನಂತೆ. ಹೊಲದ ಬದುವಿನ ಆ ಜಗಳ ಹಳೆಯದಾಯಿತು. ನಿನಗೆ ಎದ್ದು ಹೋಗಲು ಆಗುವುದಿಲ್ಲ, ಫೋನು ಮಾಡಲು ಆಗುತ್ತದೆ. ಮೂರನೇ ಸಲ ಅವನು ಒಳಗೆ ಬರಲಿ. ಭಾನುವಾರ ಸಂಜೆ ನಿಮ್ಮ ಮನೆಯಲ್ಲೇ ಪ್ರಾರ್ಥನೆ ಇಟ್ಟುಕೊಳ್ಳೋಣ ಅಂದಿದ್ದೇವೆ. ಅಷ್ಟರೊಳಗೆ ಅವನಿಗೊಂದು ಮಾತು ಹೇಳು. ರೊಟ್ಟಿ ಬಡಿಯುವುದು ಬೇಡವೆಂದು ಅವ್ವನಿಗೂ ಹೇಳು, ನಿಮ್ಮ ಕಾಕಿ ನಮ್ಮ ಮನೆಯಿಂದಲೇ ತರುತ್ತಾಳೆ.