ವರ್ಣಮಾಲೆ ಬಾಯಿಗೆ ಬಂತು, ಓದು ಎಲ್ಲಿ ನಿಂತಿತು?

ಒಂದನೇ ತರಗತಿಯ ಮಗು ‘ಅ’ದಿಂದ ‘ಳ’ದವರೆಗೆ ಒಂದೇ ಉಸಿರಿಗೆ ಒಪ್ಪಿಸುತ್ತದೆ. ಬಂದ ನೆಂಟರೆಲ್ಲ ಭೇಷ್ ಎನ್ನುತ್ತಾರೆ. ಅದೇ ಮಗುವಿಗೆ ಬಸ್ಸಿನ ಬೋರ್ಡು ತೋರಿಸಿ ‘ಬಳ್ಳಾರಿ’ ಓದು ಎಂದರೆ ಬ, ಳ, ರ ಎಂದು ಬಿಡಿಬಿಡಿಯಾಗಿ ಹೇಳಿ ನಮ್ಮ ಮುಖ ನೋಡುತ್ತದೆ. ಒಪ್ಪಿಸುವುದು ಬೇರೆ, ಓದುವುದು ಬೇರೆ. ಈ ಎರಡರ ನಡುವಿನ ದಾರಿ ಕನ್ನಡದಲ್ಲಿ ತುಸು ಉದ್ದವೇ. ಅದನ್ನು ದಾಟಲು ಮಗುವಿಗೆ ಮೂರು ವರ್ಷ ಹಿಡಿಯಬಹುದು ಎಂಬುದನ್ನು ಬಹಳಷ್ಟು ಪೋಷಕರಿಗೆ ಯಾರೂ ಹೇಳುವುದಿಲ್ಲ.

‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ 2024ರ ವರದಿ ನೋಡಿ. ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿಯ ಮಟ್ಟದ ಪಾಠ ಓದಬಲ್ಲವರು ಶೇ 23.4 ಮಾತ್ರ. 2022ರಲ್ಲಿ ಶೇ 16.3 ಇತ್ತು, ಸುಧಾರಿಸಿದ್ದೇ ಇಷ್ಟು. ನಮ್ಮ ಲಿಪಿಯ ಮಟ್ಟಿಗೆ ಹೇಳುವುದಾದರೆ, 49 ಅಕ್ಷರ ಕಲಿತರೆ ಕೆಲಸ ಮುಗಿಯಿತು ಎಂಬ ನಂಬಿಕೆಯೇ ಮೊದಲ ತೊಡಕು. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ ಕಾಗುಣಿತದ ರೂಪಗಳೇ ನಾನೂರು ದಾಟುತ್ತವೆ. ಒತ್ತಕ್ಷರ ಅದರ ಮೇಲೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನೇ ತೋರಿಸಿತು: ಇಲ್ಲಿ ಅಕ್ಷರ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯದು, ಮೂರು-ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಹಾಗಾಗಿ ಒಂದನೇ ತರಗತಿಯ ಮಗು ತಡವರಿಸಿದರೆ ಗಾಬರಿ ಬೇಡ. ಎಲ್ಲಿ ತಡವರಿಸುತ್ತಿದೆ ಎಂದು ಮಾತ್ರ ಗೊತ್ತಿರಬೇಕು.

ಮೊದಲು, ಮಗು ಎಲ್ಲಿದೆ ನೋಡಿ

ಅಸರ್ ಸಮೀಕ್ಷೆಯವರು ಮನೆಮನೆಗೆ ಒಯ್ಯುವ ಓದಿನ ಹಾಳೆಯಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿಯ ಮಟ್ಟದ ಪುಟ್ಟ ಕಥೆ. ನೀವೂ ಮನೆಯಲ್ಲಿ ಹೀಗೇ ಮಾಡಬಹುದು. ನಾಲ್ಕು ಸಾಲಿನಿಂದ ಶುರು ಮಾಡಿ. ಮಗು ವಾಕ್ಯವನ್ನು ವಾಕ್ಯದಂತೆ ಓದಿದರೆ ಕಥೆ ಕೊಡಿ. ಪದಕ್ಕೊಂದು ಕಡೆ ಸಿಕ್ಕಿಕೊಂಡರೆ ಪದಗಳಿಗೆ ಇಳಿಯಿರಿ. ಐದು ಪದಗಳಲ್ಲಿ ನಾಲ್ಕು ಸರಿಯಾದರೆ ಆ ಮೆಟ್ಟಿಲು ಗಟ್ಟಿ. ಇಲ್ಲವಾದರೆ ಅಕ್ಷರಕ್ಕೆ ಇಳಿಯಿರಿ. ಅಕ್ಷರಗಳನ್ನು ವರ್ಣಮಾಲೆಯ ಸಾಲಿನಲ್ಲಿ ಮಾತ್ರ ಕೇಳಬೇಡಿ, ಹಿಂದುಮುಂದು ಮಾಡಿ ಕೇಳಿ. ಪರೀಕ್ಷೆ ಎಂಬ ಪದ ಮನೆಯಲ್ಲಿ ಬರದಿರಲಿ. ಮಗು ತಪ್ಪಿದ ಅಕ್ಷರಗಳನ್ನು ನಿಮ್ಮ ಪಾಡಿಗೆ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಆ ಚೀಟಿ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಅಕ್ಷರ ಕಲಿಸಲು ಅಆಇಈ ಕ್ರಮವೇ ಬೇಕಿಲ್ಲ

ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಹುಟ್ಟಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿ ಈ ಕ್ರಮವನ್ನೇ ಬಿಟ್ಟಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ದಸರ, ಗರಗಸ ಎಂದು ಪದಗಳನ್ನೇ ಓದುತ್ತದೆ. ಅ, ಆ, ಇ, ಈ, ಉ ಎಂಬ ಐದನ್ನು ಕಲಿತ ಮಗುವಿಗೆ ಓದಲು ಏನಿದೆ ಹೇಳಿ? ಖಾಸಗಿ ಶಾಲೆಯಲ್ಲಿ ಓದುವ, ಕನ್ನಡವನ್ನು ಎರಡನೇ ಭಾಷೆಯಾಗಿ ಕಲಿಯುವ ಮಕ್ಕಳಿಗೂ ಮನೆಯಲ್ಲಿ ಇದೇ ದಾರಿ ಹಿಡಿಸಬಹುದು. ಶಾಲೆಯ ಕ್ರಮಕ್ಕೆ ಇದರಿಂದ ತೊಂದರೆಯಿಲ್ಲ.

ಅದಕ್ಕೂ ಮುಂಚೆ ಕಿವಿ ತಯಾರಾಗಬೇಕು. ‘ಕಮಲ’ ಎನ್ನುತ್ತ ಮೂರು ಚಪ್ಪಾಳೆ, ‘ತೆಂಗಿನಕಾಯಿ’ ಎನ್ನುತ್ತ ಐದು. ‘ಗಿಡ’ ಎಂದರೆ ‘ಗಿ’ಯಿಂದ ಶುರುವಾಗುವ ಇನ್ನೊಂದು ಪದ ಯಾವುದು ಎಂದು ಕೇಳಿ. ಸಾರು ಕುದಿಯುವಷ್ಟು ಹೊತ್ತು ಆಡಿದರೂ ಸಾಕು. ಕನ್ನಡದ ಮಗುವಿಗೆ ಪದವನ್ನು ಹೀಗೆ ಅಕ್ಷರಗಳಾಗಿ ಒಡೆಯುವುದು ಸುಲಭವಾಗಿ ಒಗ್ಗುತ್ತದೆ. ‘ಕ’ವನ್ನು ‘ಕ್’ ಮತ್ತು ‘ಅ’ ಎಂದು ಸೀಳುವುದು ತಡವಾಗಿ ಬರುತ್ತದೆ, ಅದಕ್ಕೆ ಅವಸರಪಡಬೇಡಿ.

ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಮಾತಾಡುವವರಾದರೆ ಈ ಆಟದ ಜೊತೆಗೆ ಕನ್ನಡದಲ್ಲಿ ಮಾತು, ಕಥೆ ಹೆಚ್ಚಾಗಲಿ. ಕೇಳಿಯೇ ಇರದ ಪದವನ್ನು ಕಾಗದದ ಮೇಲೆ ಓದಿ ಮಗು ಮಾಡುವುದಾದರೂ ಏನು?

ಕಾಗುಣಿತ: ಮಗು ಸೋಲುವ ಜಾಗ

ನನ್ನ ಮಟ್ಟಿಗೆ ಇಡೀ ಓದಿನ ಗಂಟು ಇರುವುದು ಇಲ್ಲೇ. ಶಾಲೆಯಲ್ಲೂ ಮನೆಯಲ್ಲೂ ಕ, ಕಾ, ಕಿ, ಕೀ ಎಂದು ಅಡ್ಡಸಾಲಿನಲ್ಲಿ ರಾಗವಾಗಿ ಹೇಳಿಸುತ್ತೇವೆ. ರಾಗ ನೆನಪಿರುತ್ತದೆ, ಗುರುತು ನೆನಪಿರುವುದಿಲ್ಲ. ‘ಕೆ’ ತೋರಿಸಿದರೆ ಮಗು ‘ಕ’ದಿಂದ ಬೆರಳು ಎಣಿಸುತ್ತ ಬರುತ್ತದೆ. ಇದನ್ನು ಉದ್ದಸಾಲಿಗೆ ತಿರುಗಿಸಿ. ಒಂದು ವಾರ ಇಳಿ ಮಾತ್ರ: ಕಾ, ಗಾ, ಸಾ, ರಾ, ದಾ. ಪದಗಳು ರಾಗ, ದಾರ, ಸಾರ. ಮುಂದಿನ ವಾರ ಗುಡಿಸು: ಗಿಡ, ಗಿಳಿ, ಬಿಸಿ. ಆಮೇಲೆ ಕೊಂಬು: ಗುಡಿ, ಹುಲಿ, ಕುರಿ. ಹೊಸ ಗುರುತು ಬಂದ ವಾರ ಹೊಸ ವ್ಯಂಜನ ಬೇಡ.

ದೀರ್ಘದ ಗುರುತಿನ ವಿಷಯದಲ್ಲಿ ಒಂದು ಸುಲಭೋಪಾಯವಿದೆ. ‘ಕಿ’ ಹೋಗಿ ‘ಕೀ’ ಆಗುವಾಗ, ‘ಕೆ’ ಹೋಗಿ ‘ಕೇ’ ಆಗುವಾಗ, ‘ಕೊ’ ಹೋಗಿ ‘ಕೋ’ ಆಗುವಾಗ ಪಕ್ಕಕ್ಕೆ ಬಂದು ಕೂರುವ ಬಾಲ ಒಂದೇ. ಈ ಮೂರನ್ನೂ ಒಟ್ಟಿಗೆ ಬರೆದು ಆ ಬಾಲಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಬಣ್ಣ ತುಂಬಿಸಿ. ಮೂರು ಬೇರೆ ಬೇರೆ ಅಕ್ಷರ ಎಂದುಕೊಂಡಿದ್ದ ಮಗು ‘ಓ, ಇದು ಬಂದ್ರೆ ಎಳೀಬೇಕು’ ಎಂದು ತಾನೇ ಹೇಳುತ್ತದೆ. ಬಿಡು-ಬೀಡು, ಕೊಡು-ಕೋಡು ಎಂಬ ಜೋಡಿಗಳನ್ನು ಓದಿಸಿ ಅರ್ಥ ಕೇಳಿ. ನಡು-ನಾಡು, ಕುಡಿ-ಕೂಡಿ ಕೂಡ ಸೇರಲಿ. ಎಳೆಯುವುದು ತಪ್ಪಿದರೆ ಅರ್ಥವೇ ಬದಲಾಗುತ್ತದೆ ಎಂಬುದು ಆಗ ಕಿವಿಗೇ ಗೊತ್ತಾಗುತ್ತದೆ.

ಇನ್ನು ಕೊಂಬಿನ ಕಿತಾಪತಿ. ‘ಕು’, ‘ಗು’ಗಳಲ್ಲಿ ಕೊಂಬು ಬಲಗಡೆ ಇರುತ್ತದೆ. ‘ವ’ಕ್ಕೂ ಹಾಗೇ ಬಲಕ್ಕೆ ಕೊಟ್ಟರೆ ಅದು ‘ಮ’ದಂತೆಯೇ ಕಾಣುತ್ತದೆ. ಅದಕ್ಕೇ ‘ವು’, ‘ಪು’ಗಳಲ್ಲಿ ಕೊಂಬು ಕೆಳಗೆ ಇಳಿದಿದೆ. ಈ ಕಾರಣ ಹೇಳದೆ ‘ಹಾವು’ ಬರೆಸಿದರೆ ಮಗು ‘ಹಾಮ’ ಬರೆಯುತ್ತದೆ. ಪಾಪ, ಅದರ ಲೆಕ್ಕದಲ್ಲಿ ಅದೇ ಸರಿ. ವ, ಮ, ಪ, ಷ ಇವನ್ನು ಒಂದೇ ವಾರ ಕಲಿಸಬೇಡಿ. ದ-ಧ, ಬ-ಭ, ಡ-ಢ ಜೋಡಿಗಳಿಗೂ ಇದೇ ಮಾತು; ಅಲ್ಪಪ್ರಾಣ ಗಟ್ಟಿಯಾದ ಮೇಲೆ ಮಹಾಪ್ರಾಣ.

ಒತ್ತಕ್ಷರ: ಅಡುಗೆಮನೆಯಿಂದ ಶುರು

ಅಕ್ಕಿ, ಬೆಲ್ಲ, ಉಪ್ಪು, ತುಪ್ಪ, ಸಕ್ಕರೆ, ಎಣ್ಣೆ, ಬೆಣ್ಣೆ. ಒಂದೇ ವ್ಯಂಜನ ಮೇಲೂ ಕೆಳಗೂ ಬರುವ ಸಜಾತೀಯ ಒತ್ತುಗಳ ಪಾಠಪುಸ್ತಕವೇ ನಿಮ್ಮ ಡಬ್ಬಿಗಳ ಮೇಲಿದೆ. ಚೀಟಿ ಬರೆದು ಮಗುವಿನ ಕೈಯಿಂದಲೇ ಅಂಟಿಸಿ. ಮನೆಯವರ ಹೆಸರೂ ಸಿಗುತ್ತದೆ: ಅಪ್ಪ, ಅಮ್ಮ, ಅಜ್ಜಿ, ಅಣ್ಣ, ಅಕ್ಕ, ತಮ್ಮ. ಇವೆಲ್ಲ ನಿರಾಯಾಸವಾಗಿ ಓದುವಂತಾದ ಮೇಲೆ ಪುಸ್ತಕ, ಚಂದ್ರ, ಶಕ್ತಿ ಮುಂತಾದ ವಿಜಾತೀಯ ಒತ್ತುಗಳಿಗೆ ಹೋಗಿ. ತ, ನ, ಮ, ಯ, ರ, ಲ ಈ ಆರರ ಒತ್ತುಗಳಿಗೆ ಮೂಲ ಅಕ್ಷರದ ಚಹರೆ ಇಲ್ಲ. ಇವನ್ನು ಪ್ರತ್ಯೇಕವಾಗಿಯೇ ಪರಿಚಯಿಸಬೇಕು. ಮಿಕ್ಕ ಒತ್ತುಗಳನ್ನು ಮಗು ಬಹುತೇಕ ತಾನೇ ಗುರುತಿಸುತ್ತದೆ.

‘ಶಕ್ತಿ’ಯನ್ನು ಮಗು ‘ಶಕಿತ’ ಎಂದು ಓದಿದರೆ ನಗಬೇಡಿ. ಕಣ್ಣಿಗೆ ಕಾಣುವುದು ಹಾಗೆಯೇ: ಗುಡಿಸು ಇರುವುದು ಮೇಲಿನ ‘ಕ’ದ ಮೇಲೆ, ಕೇಳಿಸುವುದು ಕೆಳಗಿನ ‘ತ’ದ ಜೊತೆ. ಹಾಳೆಯ ಪಕ್ಕದಲ್ಲಿ ‘ಶಕ್ + ತಿ’ ಎಂದು ಬಿಡಿಸಿ ಬರೆಯಿರಿ. ‘ಶಕ್’ ಎಂದು ನಿಲ್ಲಿಸಿ, ಚಪ್ಪಾಳೆ ತಟ್ಟಿ, ‘ತಿ’ ಎನ್ನಿ. ‘ಸೂರ್ಯ’ದ ಅರ್ಕಾವೊತ್ತು ಇನ್ನೂ ತಲೆತಿರುಕ. ಮೊದಲು ಉಚ್ಚರಿಸುವ ‘ರ್’ ಕೊನೆಯಲ್ಲಿ ಬಂದು ಕೂತಿರುತ್ತದೆ. ಇದು ಮೂರನೇ ತರಗತಿಯ ಕೆಲಸ. ಒಂದನೇ ತರಗತಿಯಲ್ಲಿ ಇದಕ್ಕಾಗಿ ಮಗುವಿನ ಕಿವಿ ಹಿಂಡಬೇಕಾಗಿಲ್ಲ.

ದಿನಕ್ಕೆ ಕಾಲು ಗಂಟೆ, ಗಟ್ಟಿಯಾಗಿ

ರಾತ್ರಿ ಊಟಕ್ಕೆ ಮುಂಚೆ ಹದಿನೈದು ನಿಮಿಷ. ಮೊದಲು ನೀವು ಬೆರಳಿಟ್ಟು ಓದಿ, ಆಮೇಲೆ ಇಬ್ಬರೂ ಜೊತೆಯಾಗಿ, ಕೊನೆಗೆ ಮಗು ಒಂದೇ. ಅದೇ ಪುಸ್ತಕವನ್ನು ನಾಲ್ಕನೇ ದಿನವೂ ಕೇಳಿದರೆ ಸಂತೋಷವಾಗಿ ಕೊಡಿ. ಓದಿದ್ದನ್ನೇ ಓದುವುದರಿಂದ ಓಟ ಬರುತ್ತದೆ. ಮಗು ಸಿಕ್ಕಿಕೊಂಡಾಗ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೆ ಬಾಯಿ ತೆರೆಯಿರಿ. ಎಷ್ಟೋ ಸಲ ನಾಲ್ಕಕ್ಕೇ ಪದ ಬಂದಿರುತ್ತದೆ. ಪುಟ ಮುಗಿದ ಮೇಲೆ ‘ಏನು ಓದಿದೆ ಹೇಳು’ ಎನ್ನುವ ಬದಲು ‘ಆ ಇಲಿ ಯಾಕೆ ಓಡಿಹೋಯ್ತು?’ ಎಂದು ಕೇಳಿ.

ಪುಸ್ತಕದಲ್ಲಿ ‘ಅವಳು ಮನೆಗೆ ಹೋದಳು’ ಎಂದಿರುತ್ತದೆ, ಮಗು ‘ಅವ್ಳು ಮನೇಗ್ ಹೋದ್ಲು’ ಎಂದು ಓದುತ್ತದೆ. ಬಹಳ ಮಂದಿ ಇಲ್ಲಿ ತಡೆದು ತಿದ್ದುತ್ತಾರೆ. ತಿದ್ದಬೇಡಿ. ಪುಸ್ತಕದಲ್ಲಿರುವುದನ್ನು ಮಗು ತನ್ನ ಮಾತಿಗೆ ತಿರುಗಿಸಿಕೊಂಡಿದೆ ಎಂದರೆ ಅರ್ಥವಾಗಿದೆ ಎಂದೇ ಲೆಕ್ಕ. ಧಾರವಾಡದ ಮಗು, ಮಂಗಳೂರಿನ ಮಗು, ಚಾಮರಾಜನಗರದ ಮಗು ಮೂವರೂ ಪುಸ್ತಕದ ಭಾಷೆಯನ್ನು ಶಾಲೆಗೆ ಬಂದ ಮೇಲೆಯೇ ಕಲಿಯುವವರು.

2021ರ ಜುಲೈಯಲ್ಲಿ ಶುರುವಾದ ಕೇಂದ್ರದ ‘ನಿಪುಣ್ ಭಾರತ್’ ಯೋಜನೆಯಲ್ಲಿ ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ 60 ಪದ, ಅರ್ಥಸಹಿತ, ಎಂಬ ಗುರಿ ಇದೆ. ಇದನ್ನು ಕೇಳಿ ಗಡಿಯಾರ ಹಿಡಿದು ಕೂರಬೇಡಿ. ಇಂಗ್ಲಿಷಿನಲ್ಲಿ ನಾಲ್ಕೈದು ಪದಕ್ಕೆ ಹರಡುವ ಮಾತು ಕನ್ನಡದಲ್ಲಿ ‘ಹೋಗುತ್ತಿದ್ದಳಂತೆ’ ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. ಕೇಳುವವರಿಗೆ ಅರ್ಥವಾಗುವಂತೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಓದಿದರೆ ಸಾಕು.

ಪುಸ್ತಕಕ್ಕೆ ದುಡ್ಡಿಲ್ಲ ಎನ್ನುವ ಹಾಗಿಲ್ಲ. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿವೆ. ಮೊದಲ ಹಂತದಿಂದ ಶುರು ಮಾಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಶುರು ಮಾಡಿದರು. ಈ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ; ನಿಮ್ಮೂರಿನದರಲ್ಲಿ ಒಮ್ಮೆ ವಿಚಾರಿಸಿ.

ಬರವಣಿಗೆ ಎಂದರೆ ಹತ್ತು ಸಲ ಬರೆಯುವುದಲ್ಲ

ಮೊದಲು ಕೈ ಪಳಗಲಿ. ಮರಳಿನಲ್ಲಿ, ತಟ್ಟೆಗೆ ಹರಡಿದ ರಾಗಿಹಿಟ್ಟಿನಲ್ಲಿ ಬೆರಳಿಂದ ತಿದ್ದಿಸಿ. ಆಮೇಲೆ ಸ್ಲೇಟು-ಬಳಪ, ಆಮೇಲೆ ಪೆನ್ಸಿಲ್. ನೋಟ್‌ಬುಕ್ಕಿನಲ್ಲಿ ಸಾಲು ಬಿಟ್ಟು ಸಾಲು ಬರೆಸಿ, ಒತ್ತಿಗೆ ಕೆಳಗೆ ಜಾಗ ಬೇಕು. ಇಂಗ್ಲಿಷಿನ ನಾಲ್ಕು ಗೆರೆಯ ಕಾಪಿ ಪುಸ್ತಕ ಇದಕ್ಕೆ ಹೊಂದುವುದಿಲ್ಲ.

ನೋಡಿಕೊಂಡು ಬರೆಯುವುದರಿಂದ ಅಕ್ಷರ ದುಂಡಾಗುತ್ತದೆ, ಅಷ್ಟೇ. ತನಗೆ ಹೇಳಬೇಕಾದ್ದನ್ನು ಬರೆಯಲು ಮಗುವಿಗೊಂದು ನೆಪ ಬೇಕು. ಸಂತೆಗೆ ಹೋಗುವ ದಿನ ಚೀಟಿ ಬರೆಯುವ ಕೆಲಸ ಅದಕ್ಕೇ ಕೊಡಿ. ‘ಉಳ್ಳಿಗಡ್ಡಿ’ ಅಥವಾ ‘ಈರುಳ್ಳಿ’, ನಿಮ್ಮ ಕಡೆಯ ಮಾತೇ ಇರಲಿ. ‘ಈರುಳಿ’ ಎಂದು ಬರೆದಿದ್ದರೆ ಅದೇ ಚೀಟಿ ಹಿಡಿದು ಸಂತೆಗೆ ಹೋಗಿ. ಬಂದ ಮೇಲೆ ‘ಈ-ರುಳ್-ಳಿ’ ಎಂದು ಬಿಡಿಸಿ ಹೇಳಿ, ತಾನೇ ತಿದ್ದಲಿ. ಅಜ್ಜಿಗೆ ಫೋನಿನಲ್ಲಿ ಒಂದು ಸಾಲಿನ ಸಂದೇಶ ಬರೆಸಿ. ಫ್ರಿಜ್ಜಿನ ಮೇಲೆ ತಮ್ಮನಿಗೊಂದು ಬೆದರಿಕೆ ಚೀಟಿ ಬರೆದರೆ ಇನ್ನೂ ಒಳ್ಳೆಯದು, ಮನಸ್ಸಿಟ್ಟು ಬರೆದಿರುತ್ತದೆ.

ಉಕ್ತಲೇಖನ ವಾರಕ್ಕೆ ಎರಡು ಸಲ ಸಾಕು, ಐದೈದು ಪದ, ಆ ವಾರ ಕಲಿತ ಗುರುತಿನವೇ. ತಿದ್ದುವಾಗ ಒಂದು ದಿನಕ್ಕೆ ಒಂದು ಬಗೆಯ ತಪ್ಪು ಮಾತ್ರ ಹಿಡಿಯಿರಿ. ಇವತ್ತು ದೀರ್ಘ ಎಂದರೆ ದೀರ್ಘ ಮಾತ್ರ. ಪುಟ ತುಂಬ ಕೆಂಪು ಗೆರೆ ನೋಡಿದ ಮಗು ಮಾರನೇ ದಿನ ತನಗೆ ಚೆನ್ನಾಗಿ ಬರುವ ನಾಲ್ಕು ಪದ ಬಿಟ್ಟು ಬೇರೇನೂ ಬರೆಯುವುದಿಲ್ಲ. ಶ, ಷ, ಸ ಮತ್ತು ಅ, ಹ ಅದಲುಬದಲಾಗುವುದು ಬಹಳಷ್ಟು ಸಲ ಮನೆಮಾತಿನಿಂದ ಬಂದದ್ದು, ದಡ್ಡತನದಿಂದಲ್ಲ.

ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು

ಎರಡನೇ ತರಗತಿ ಮುಗಿದರೂ ಸರಳ ಪದ ಓದಲು ಬರದಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿ. ಅವೆರಡೂ ಸರಿಯಿದ್ದು, ಮನೆಯಲ್ಲೂ ಶಾಲೆಯಲ್ಲೂ ಬಿಡದೆ ಅಭ್ಯಾಸ ಮಾಡಿಸಿದ ಮೇಲೂ ಎಂಟು ವರ್ಷದ ಹೊತ್ತಿಗೆ ಅಕ್ಷರ ನಿಲ್ಲದಿದ್ದರೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ನ್ಯೂನತೆಯೂ ಸೇರಿದೆ.

ಅದಕ್ಕಿಂತ ಮೊದಲು ತರಗತಿಯ ಶಿಕ್ಷಕರನ್ನು ಕಾಣಿ. ‘ನಮ್ಮ ಮಗು ಹೇಗೆ ಓದ್ತಾ ಇದೆ ಮೇಡಂ?’ ಎಂದು ಕೇಳಿದರೆ ‘ಪರವಾಗಿಲ್ಲ, ಮನೇಲೂ ಸ್ವಲ್ಪ ಓದ್ಸಿ’ ಎಂಬ ಉತ್ತರವೇ ಬರುತ್ತದೆ. ನಲಿ-ಕಲಿ ತರಗತಿಯಾದರೆ ಕಲಿಕಾ ಏಣಿಯಲ್ಲಿ ಯಾವ ಮೈಲಿಗಲ್ಲು ದಾಟಿದೆ, ಯಾವ ‘ತಟ್ಟೆ’ಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರುತ್ತಿದೆ ಎಂದು ಕೇಳಿ. ಬೇರೆ ಶಾಲೆಯಾದರೆ, ಮೊದಲ ದಿನ ಮಗು ತಪ್ಪಿದ ಅಕ್ಷರಗಳನ್ನು ಗುರುತು ಹಾಕಿಕೊಂಡ ಚೀಟಿಯನ್ನು ಮುಂದಿಟ್ಟು, ಇದರಲ್ಲಿ ಯಾವುದು ತರಗತಿಯಲ್ಲಿ ಈಗಾಗಲೇ ಮುಗಿದಿದೆ, ಯಾವುದು ಇನ್ನು ಬರಲಿದೆ ಎಂದು ಕೇಳಿ.