ಊರಿನ ಹೊಳೆ, ಊರಿನ ಬಸ್ಸು: ಸ್ವಯಂಸೇವಕರಿಗೆ ಕಾನೂನು ತೆರೆದಿಟ್ಟ ದಾರಿಗಳು

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಹೊಳೆ, ಕಾಡುಗಳ ರಕ್ಷಣೆಗೆಂದು ದುಡಿಯುವ ಸ್ವಯಂಸೇವಕರಿಗೂ ಬಸ್ ಸೌಕರ್ಯಕ್ಕಾಗಿ ಓಡಾಡುವ ಸ್ವಯಂಸೇವಕರಿಗೂ ಕಾನೂನು ಒಂದೇ ಬಗೆಯ ಸ್ಥಾನವನ್ನು ಕೊಟ್ಟಿಲ್ಲ. ಪರಿಸರ ಸಂಬಂಧಿ ಕಾಯ್ದೆಗಳು ಆಕ್ಷೇಪಣೆ, ಅಹವಾಲು, ದೂರು ಮತ್ತು ಮೇಲ್ಮನವಿಯ ಹಂತಗಳಲ್ಲಿ ಸಾಮಾನ್ಯ ನಾಗರಿಕರಿಗೆ ನೇರ ಪ್ರವೇಶ ನೀಡಿವೆ. ಮೋಟಾರು ವಾಹನಗಳ ಕಾಯ್ದೆಯಾದರೋ ಪರ್ಮಿಟ್ ಕೊಡುವ ಪ್ರಾಧಿಕಾರ ಮತ್ತು ಪರ್ಮಿಟ್ ಪಡೆಯುವ ಮಾಲೀಕ ಇವರಿಬ್ಬರ ನಡುವಿನ ವ್ಯವಹಾರವಾಗಿ ಉಳಿದು, ಬಸ್ಸಿಗಾಗಿ ಕಾಯುವವರನ್ನು ಬಹುಮಟ್ಟಿಗೆ ಹೊರಗಿಟ್ಟಿದೆ. ಈ ವ್ಯತ್ಯಾಸ ಅರಿವಿಗೆ ಬಾರದ ಕಾರಣದಿಂದಲೇ ಎಷ್ಟೋ ಮನವಿಪತ್ರಗಳು ಅಧಿಕಾರವಿಲ್ಲದ ಮೇಜನ್ನು ತಲುಪಿ ಅಲ್ಲಿಯೇ ಉಳಿಯುತ್ತವೆ, ಅಧಿಕಾರವಿರುವ ಮೇಜಿನ ಮುಂದೆ ಅವಧಿ ಮುಗಿದಿರುತ್ತದೆ.

ಪರಿಸರ ಕಾರ್ಯದ ಸಾಂವಿಧಾನಿಕ ತಳಹದಿ 1976ರ 42ನೇ ತಿದ್ದುಪಡಿಯಿಂದ ಬಂದದ್ದು. ಆ ತಿದ್ದುಪಡಿ ಸೇರಿಸಿದ 48ಎ ವಿಧಿಯು ಪರಿಸರವನ್ನೂ ಅರಣ್ಯವನ್ನೂ ರಕ್ಷಿಸುವ ಹೊಣೆಯನ್ನು ರಾಜ್ಯದ ಮೇಲೆ ಹೊರಿಸಿದರೆ, 51ಎ ವಿಧಿಯ ಜಿ ಖಂಡವು ಕಾಡು, ಕೆರೆ, ನದಿ ಮತ್ತು ವನ್ಯಜೀವಿಗಳ ಸಂರಕ್ಷಣೆಯನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರಿತು. ಮೂಲಭೂತ ಕರ್ತವ್ಯವನ್ನು ನ್ಯಾಯಾಲಯದ ಮೂಲಕ ಯಾರ ಮೇಲೂ ನೇರವಾಗಿ ಹೇರಲಾಗದಾದರೂ, ‘ನಿಮಗೂ ಈ ಹೊಳೆಗೂ ಏನು ಸಂಬಂಧ’ ಎಂಬ ಪ್ರಶ್ನೆಗೆ ಅದು ಸಾಕಾದ ಉತ್ತರ. 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಲಿನ್ಯರಹಿತ ನೀರು ಮತ್ತು ಗಾಳಿಯನ್ನು 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿತು. ಆದರೆ ಅದೇ ತೀರ್ಪಿನಲ್ಲಿ, ಸ್ವಂತ ದ್ವೇಷ ತೀರಿಸಿಕೊಳ್ಳಲು ಸಾರ್ವಜನಿಕ ಹಿತಾಸಕ್ತಿಯ ವೇಷ ತೊಟ್ಟ ಅರ್ಜಿಯನ್ನು ದಂಡಸಹಿತ ವಜಾಗೊಳಿಸಿತು ಎಂಬುದನ್ನು ಮರೆಯುವವರೇ ಹೆಚ್ಚು.

ದಾಖಲೆಯನ್ನು ಆಧಾರವಾಗಿಟ್ಟುಕೊಂಡ ನಾಗರಿಕ ಯತ್ನ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಈ ತಾಲ್ಲೂಕುಗಳ ನೆರೆಯಲ್ಲಿಯೇ ಇರುವ ಕುದುರೆಮುಖ ಗಣಿಗಾರಿಕೆಯ ಪ್ರಕರಣ ನಿದರ್ಶನವಾಗಿದೆ. ಭದ್ರೆಯ ಮೇಲ್ಭಾಗದಲ್ಲಿ ಕಬ್ಬಿಣದ ಅದಿರು ತೆಗೆದುದರಿಂದ ಮಳೆಗಾಲದಲ್ಲಿ ನದಿಗಿಳಿಯುತ್ತಿದ್ದ ಹೂಳಿನ ವಿಚಾರವೂ ಸೇರಿದಂತೆ ರಾಷ್ಟ್ರೀಯ ಉದ್ಯಾನದೊಳಗಿನ ಗಣಿಗಾರಿಕೆಯನ್ನು ಪ್ರಶ್ನಿಸಿ, ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರು ಅರಣ್ಯ ಸಂರಕ್ಷಣೆಯ ಕುರಿತು ಸರ್ವೋಚ್ಚ ನ್ಯಾಯಾಲಯದ ಮುಂದಿದ್ದ ಗೋದಾವರ್ಮನ್ ಪ್ರಕರಣದಲ್ಲಿ ಅರ್ಜಿ ಸಲ್ಲಿಸಿದರು. ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪಿನ ಫಲವಾಗಿ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಬಾಳೆಹೊನ್ನೂರನ್ನು ಹಾದು ನರಸಿಂಹರಾಜಪುರದ ಬಳಿಯ ಭದ್ರಾ ಹಿನ್ನೀರಿಗೆ ಸೇರುವುದೂ ಇದೇ ನೀರು.

ನ್ಯಾಯಾಲಯದ ಮೆಟ್ಟಿಲೇರುವುದಕ್ಕೆ ಬಹಳ ಮೊದಲೇ, ಯೋಜನೆಯು ಇನ್ನೂ ಕಾಗದದ ಮೇಲಿರುವಾಗ ಬಳಸಬೇಕಾದ ಎರಡು ಅವಕಾಶಗಳಿವೆ. ಮೊದಲನೆಯದು ಕರಡು ಅಧಿಸೂಚನೆಯ ಮೇಲಿನ ಆಕ್ಷೇಪಣೆ. ಕರಡು ಅಧಿಸೂಚನೆಯೆಂದರೆ ಸರ್ಕಾರವು ಅಂತಿಮ ಆದೇಶಕ್ಕೆ ಮುನ್ನ ತನ್ನ ಉದ್ದೇಶವನ್ನು ರಾಜಪತ್ರದಲ್ಲಿ ಪ್ರಕಟಿಸಿ ಜನರ ಅಭಿಪ್ರಾಯ ಕೇಳುವ ದಸ್ತಾವೇಜು. 1986ರ ಪರಿಸರ (ಸಂರಕ್ಷಣೆ) ನಿಯಮಗಳ ಪ್ರಕಾರ ಯಾವ ವ್ಯಕ್ತಿಯಾದರೂ 60 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು 2024ರ ಜುಲೈ 31ರಂದು ಹೊರಬಿದ್ದಾಗ, ಕರ್ನಾಟಕದ 20,668 ಚದರ ಕಿಲೋಮೀಟರ್ ವ್ಯಾಪ್ತಿಯ ಆ ಪ್ರಸ್ತಾವದಲ್ಲಿ ಈ ಮೂರೂ ತಾಲ್ಲೂಕುಗಳ ಗ್ರಾಮಗಳಿದ್ದವು. ಪರವಾಗಿ ಇರಲಿ, ವಿರೋಧವಾಗಿ ಇರಲಿ, ಬಂದ್ ಮತ್ತು ಮೆರವಣಿಗೆಗಳು ಕಡತಕ್ಕೆ ಸೇರುವುದಿಲ್ಲ. ಗ್ರಾಮದ ಹೆಸರು, ಸರ್ವೆ ನಂಬರು, ಅಲ್ಲಿನ ಅಡಿಕೆ ಅಥವಾ ಕಾಫಿ ತೋಟದ ವಿಸ್ತೀರ್ಣ, ಸೊಪ್ಪಿನಬೆಟ್ಟದ ಬಳಕೆ, ಹಳ್ಳದ ಮೂಲ ಇವುಗಳನ್ನು ನಮೂದಿಸಿ, ಯಾವ ಖಂಡಕ್ಕೆ ಯಾವ ಬದಲಾವಣೆ ಬೇಕೆಂದು ತಿಳಿಸಿದ ಒಂದೇ ಪುಟದ ಪತ್ರ ಸೇರುತ್ತದೆ.

ಎರಡನೆಯದು ಸಾರ್ವಜನಿಕ ಅಹವಾಲು ಸಭೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ, ನಿಗದಿತ ವರ್ಗದ ಯೋಜನೆಗಳಿಗೆ ಅನುಮತಿ ನೀಡುವ ಮುನ್ನ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಕನಿಷ್ಠ 30 ದಿನಗಳ ಮುಂಚಿತ ಪ್ರಕಟಣೆಯನ್ನು ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲಿಯೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ನೀಡಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಸಭೆ ನಡೆಸಬೇಕು. ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶವು ಕನ್ನಡದಲ್ಲಿಯೂ ದೊರೆಯಬೇಕು ಹಾಗೂ ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಈ ಸಭೆಗೆ ಕೋರಂ ಇಲ್ಲ, ಎಂದರೆ ಇಬ್ಬರೇ ಬಂದರೂ ಅದು ನಡೆದಂತೆಯೇ ಲೆಕ್ಕ; ಆದ್ದರಿಂದ ಸಭೆಯನ್ನು ಬಹಿಷ್ಕರಿಸುವುದು ವಿರೋಧದ ಅತಿ ದುರ್ಬಲ ರೂಪ. ಬಿ-2 ವರ್ಗದ, ಎಂದರೆ ಪರಿಣಾಮ ವರದಿಯೇ ಬೇಡವೆಂದು ವಿಂಗಡಿಸಿದ ಯೋಜನೆಗಳಿಗೆ ಅಹವಾಲು ಸಭೆಯ ವಿಧಿಯಿಲ್ಲ, 25 ಮೆಗಾವಾಟ್‌ಗಿಂತ ಕಡಿಮೆ ಸಾಮರ್ಥ್ಯದ ಕಿರು ಜಲವಿದ್ಯುತ್ ಘಟಕಗಳು ಆ ಅಧಿಸೂಚನೆಯ ವ್ಯಾಪ್ತಿಗೇ ಬರುವುದಿಲ್ಲ. ಮಲೆನಾಡಿನ ಚಿಕ್ಕ ಹೊಳೆಗಳ ಮಟ್ಟಿಗೆ ಇದು ದೊಡ್ಡ ಕೊರತೆಯೆಂದೇ ಹೇಳಬೇಕು.

ರಸ್ತೆ ಅಗಲೀಕರಣಕ್ಕೆಂದು ಮರ ಕಡಿಯುವ ಸಂದರ್ಭದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ನೆರವಿಗೆ ಬರುತ್ತದೆ. ಇದರನ್ವಯ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ವೃಕ್ಷಾಧಿಕಾರಿಯಾಗಿರುತ್ತಾರೆ. ಕಡಿಯಬೇಕೆಂದಿರುವ ಮರಗಳ ಸಂಖ್ಯೆ 50ನ್ನು ಮೀರಿದರೆ ಅವರು ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ಕೆಲಸವನ್ನು ಐವತ್ತಕ್ಕಿಂತ ಕಡಿಮೆ ಮರಗಳ ತುಂಡುಗಳಾಗಿ ಒಡೆದು ಅನುಮತಿ ಪಡೆಯಲಾಗಿದೆಯೇ ಎಂಬುದನ್ನು ಕಡತ ನೋಡಿ ತಿಳಿಯುವುದು ಸ್ವಯಂಸೇವಕರ ಮೊದಲ ಕೆಲಸವಾಗಬೇಕು.

ಯೋಜನೆಗೆ ಅನುಮತಿ ದೊರೆತ ಮೇಲೆ ಅಥವಾ ಹಾನಿ ನಡೆದ ಮೇಲೆ ಉಳಿಯುವ ಮುಖ್ಯ ವೇದಿಕೆ 2010ರ ಕಾಯ್ದೆಯಡಿ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಕರ್ನಾಟಕವು ಅದರ ಚೆನ್ನೈನ ದಕ್ಷಿಣ ವಲಯ ಪೀಠಕ್ಕೆ ಸೇರುತ್ತದೆ. ಪರಿಸರಕ್ಕೆ ಸಂಬಂಧಿಸಿದ ಗಣನೀಯ ಪ್ರಶ್ನೆಯಿದ್ದರೆ 14ನೇ ಕಲಂನಂತೆ ವ್ಯಾಜ್ಯಕಾರಣ ಮೊದಲು ಉಂಟಾದ ದಿನದಿಂದ 6 ತಿಂಗಳೊಳಗೆ, ಪರಿಹಾರ ಅಥವಾ ಪರಿಸರದ ಪುನಃಸ್ಥಾಪನೆ ಬೇಕಿದ್ದರೆ 15ನೇ ಕಲಂನಂತೆ 5 ವರ್ಷಗಳೊಳಗೆ, ಅನುಮತಿ ಆದೇಶದ ವಿರುದ್ಧ ಮೇಲ್ಮನವಿಯಾದರೆ 16ನೇ ಕಲಂನಂತೆ 30 ದಿನಗಳೊಳಗೆ ಅರ್ಜಿ ಸಲ್ಲಬೇಕು. ತಕ್ಕ ಕಾರಣ ತೋರಿಸಿದರೆ ಮೂರಕ್ಕೂ ಗರಿಷ್ಠ 60 ದಿನಗಳ ವಿನಾಯಿತಿ ಇದೆ, ಅದರಾಚೆ ಒಂದು ದಿನವೂ ಇಲ್ಲ. ಪರಿಹಾರಧನ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರಿಲ್ಲದೆ ಸ್ವತಃ ವಾದಿಸಬಹುದಾದರೂ ಕಲಾಪದ ಭಾಷೆ ಇಂಗ್ಲಿಷ್ ಆಗಿರುವುದರಿಂದ ಕನ್ನಡದ ದಾಖಲೆಗಳಿಗೆ ಅನುವಾದ ಬೇಕಾಗುತ್ತದೆ. ಗಮನಿಸಬೇಕಾದ ಮುಖ್ಯ ಮಿತಿಯೆಂದರೆ, ಜಲ ಮತ್ತು ವಾಯು ಮಾಲಿನ್ಯ, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯ ಮುಂತಾದ ಏಳು ಕಾಯ್ದೆಗಳಷ್ಟೇ ಅದರ ಅನುಸೂಚಿಯಲ್ಲಿವೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಾಗಲಿ, 2006ರ ಅರಣ್ಯ ಹಕ್ಕುಗಳ ಕಾಯ್ದೆಯಾಗಲಿ, ಮೇಲೆ ಹೇಳಿದ ವೃಕ್ಷ ಅಧಿನಿಯಮವಾಗಲಿ ಅದರಲ್ಲಿಲ್ಲ. ಶೃಂಗೇರಿಯಲ್ಲಿ ತುಂಗೆಗೆ ಹರಿಯಬಿಟ್ಟ ಕೊಳಚೆ ನೀರಿನ ದೂರು ಅಲ್ಲಿ ನಿಲ್ಲುತ್ತದೆ. ಭದ್ರಾ ಅಭಯಾರಣ್ಯದಲ್ಲಿನ ಬೇಟೆಯ ದೂರು ನಿಲ್ಲುವುದಿಲ್ಲ.

ವನ್ಯಜೀವಿ ಅಪರಾಧಕ್ಕೆ ಬೇರೆ ವಿಧಾನವಿದೆ. ಆ ಕಾಯ್ದೆಯ 55ನೇ ಕಲಂ ಪ್ರಕಾರ, ಅಪರಾಧದ ವಿವರವನ್ನೂ ದೂರು ಹೂಡುವ ಉದ್ದೇಶವನ್ನೂ ತಿಳಿಸಿ ನಿಗದಿತ ರೀತಿಯಲ್ಲಿ 60 ದಿನಗಳ ನೋಟಿಸು ನೀಡಿದ ಯಾವ ವ್ಯಕ್ತಿಯಾದರೂ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಇದೇ ಕಾಯ್ದೆ ಸ್ವಯಂಸೇವಕರ ಕೈಯನ್ನು ಕಟ್ಟುವುದೂ ಉಂಟು: ಅಭಯಾರಣ್ಯ ಪ್ರವೇಶಕ್ಕೆ 27 ಮತ್ತು 28ನೇ ಕಲಂಗಳು ವಿಧಿಸಿದ ಅನುಮತಿಯ ನಿಯಮ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುವುದರಿಂದ, ಕುದುರೆಮುಖ ಉದ್ಯಾನದ ಕೆರೆಕಟ್ಟೆಯ ಕಡೆ ಪ್ಲಾಸ್ಟಿಕ್ ಹೆಕ್ಕುವ ಒಳ್ಳೆಯ ಉದ್ದೇಶದಿಂದ ರಸ್ತೆ ಬಿಟ್ಟು ಕಾಡೊಳಗೆ ಇಳಿದ ತಂಡವೂ ಅನುಮತಿಪತ್ರವಿಲ್ಲದಿದ್ದರೆ ಅಕ್ರಮ ಪ್ರವೇಶದ ಆರೋಪಕ್ಕೆ ಗುರಿಯಾದೀತು.

ಸಾರಿಗೆಯ ವಿಚಾರಕ್ಕೆ ಬಂದರೆ ಈ ಪ್ರದೇಶಕ್ಕೆ ಬೇರೆಡೆ ಕಾಣಸಿಗದ ಒಂದು ಚರಿತ್ರೆಯಿದೆ. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ನಿಂತುಹೋದಾಗ ಕೆಲಸ ಕಳೆದುಕೊಂಡ ಕಾರ್ಮಿಕರು 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಸಂಸ್ಥೆಯು, ಕಾರ್ಮಿಕರೇ ಒಡೆಯರಾಗಿ ಸುಮಾರು ಮೂರು ದಶಕ ಮಲೆನಾಡಿನ ಘಾಟಿ ಮತ್ತು ಒಳರಸ್ತೆಗಳಲ್ಲಿ ಬಸ್ ಓಡಿಸಿ, ನಷ್ಟದ ಹೊರೆ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಓಡಾಟ ನಿಲ್ಲಿಸಿತು. ಆ ಸಂಸ್ಥೆಯಲ್ಲಿ ಕಾರ್ಮಿಕ ಸದಸ್ಯನಿಗೆ ಸಹಕಾರ ಸಂಘಗಳ ಕಾಯ್ದೆಯಡಿ ಮತದ ಹಕ್ಕಿತ್ತು. ಪ್ರಯಾಣಿಕನಿಗೆ, ಬಸ್ಸು ಓಡುತ್ತಿದ್ದಾಗಲೂ ನಿಂತಾಗಲೂ, ಪರ್ಮಿಟ್ಟಿನ ವಿಚಾರದಲ್ಲಿ ಅಹವಾಲು ಹೇಳುವ ಹಕ್ಕಿರಲಿಲ್ಲ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. 1939ರ ಮೋಟಾರು ವಾಹನಗಳ ಕಾಯ್ದೆಯ 47ನೇ ಕಲಂ, ಸ್ಟೇಜ್ ಕ್ಯಾರೇಜ್ ಪರ್ಮಿಟ್ ನೀಡುವಾಗ, ಎಂದರೆ ನಿಲ್ದಾಣದಿಂದ ನಿಲ್ದಾಣಕ್ಕೆ ಬಿಡಿ ಟಿಕೆಟಿನ ಮೇಲೆ ಜನರನ್ನು ಒಯ್ಯುವ ರೂಟ್ ಬಸ್ಸಿನ ಪರವಾನಗಿ ನೀಡುವಾಗ, ಸ್ಥಳೀಯ ಸಂಸ್ಥೆಗಳ ಹಾಗೂ ಸರ್ಕಾರದ ಮಾನ್ಯತೆ ಪಡೆದ ಸಾರಿಗೆ ಹಿತಾಸಕ್ತಿಯ ಸಂಘಗಳ ಮನವಿಯನ್ನು ಪರಿಗಣಿಸಬೇಕೆಂದು ವಿಧಿಸಿತ್ತು. 1988ರ ಕಾಯ್ದೆಯು ಪರ್ಮಿಟ್ ನೀತಿಯನ್ನು ಉದಾರಗೊಳಿಸಿ ಆ ಹಂತವನ್ನೇ ಕೈಬಿಟ್ಟಿತು. ಪೈಪೋಟಿ ಹೆಚ್ಚಿದರೆ ಸೇವೆ ತಾನಾಗಿ ಸುಧಾರಿಸುತ್ತದೆಂಬ ಎಣಿಕೆ ಪೇಟೆಯ ಮಾರ್ಗಗಳಲ್ಲಿ ನಿಜವಾಗಿರಬಹುದು. ದಿನಕ್ಕೆ ಎರಡೇ ಟ್ರಿಪ್ ಇರುವ, ಮಳೆಗಾಲದಲ್ಲಿ ಜನವೇ ಹತ್ತದ ಮಾರ್ಗಕ್ಕೆ ಅದು ಅನ್ವಯಿಸದು.

ಆದರೂ ಉಳಿದಿರುವ ದಾರಿಗಳನ್ನು ಬಳಸಲು ಬರುತ್ತದೆ. 1988ರ ಕಾಯ್ದೆಯ 72ನೇ ಕಲಂನ ಪ್ರಕಾರ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವು ದಿನಕ್ಕೆ ಕನಿಷ್ಠ ಮತ್ತು ಗರಿಷ್ಠ ಎಷ್ಟು ಟ್ರಿಪ್ ಎಂಬುದನ್ನೂ, ಅನುಮೋದಿತ ವೇಳಾಪಟ್ಟಿಯನ್ನು ಬಸ್ಸಿನಲ್ಲಿ ಮತ್ತು ನಿಗದಿತ ನಿಲ್ದಾಣಗಳಲ್ಲಿ ಪ್ರದರ್ಶಿಸಬೇಕೆಂಬುದನ್ನೂ ಪರ್ಮಿಟ್ಟಿನ ಷರತ್ತಾಗಿ ವಿಧಿಸಬಹುದು. ಷರತ್ತು ಮುರಿದರೆ ಮಾಲೀಕರ ವಿವರಣೆ ಪಡೆದು 86ನೇ ಕಲಂನಡಿ ಪರ್ಮಿಟ್ಟನ್ನು ಅಮಾನತ್ತಿನಲ್ಲಿಡಬಹುದು ಅಥವಾ ರದ್ದುಪಡಿಸಬಹುದು. ಆದ್ದರಿಂದ ‘ನಮ್ಮೂರಿಗೆ ಬಸ್ ಬರುತ್ತಿಲ್ಲ’ ಎಂಬ ಮನವಿಗಿಂತ, ಇಂಥ ಮಾರ್ಗದ ಪರ್ಮಿಟ್ಟಿನಲ್ಲಿ ಇಷ್ಟು ಟ್ರಿಪ್ ಎಂದಿದ್ದು ಇಂಥ ದಿನಾಂಕಗಳಂದು ಓಡಿಲ್ಲವೆಂದು ನಿಲ್ದಾಣದಲ್ಲಿ ಬರೆದಿಟ್ಟ ದಿನಚರಿಯೊಡನೆ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೆ ಕೊಟ್ಟ ದೂರಿಗೆ ತೂಕ ಹೆಚ್ಚು. ಬಸ್ಸೇ ಇಲ್ಲದ ಮಾರ್ಗದಲ್ಲಿ ತುರ್ತು ಅಗತ್ಯವನ್ನು ತೋರಿಸಿ, 87ನೇ ಕಲಂನಡಿ ನಾಲ್ಕು ತಿಂಗಳು ಮೀರದ ತಾತ್ಕಾಲಿಕ ಪರ್ಮಿಟ್ ಕೊಡುವಂತೆ ಕೋರಬಹುದು. ಸರ್ಕಾರವು ಒಂದು ಮಾರ್ಗವನ್ನು ಸರ್ಕಾರಿ ಸಾರಿಗೆಗೆ ವಹಿಸುವ ಯೋಜನೆಯನ್ನು 99ನೇ ಕಲಂನಡಿ ಪ್ರಸ್ತಾಪಿಸಿದರೆ, ಈ ಕಾಯ್ದೆಯಲ್ಲಿ ಅಪರೂಪಕ್ಕೆ, ಯಾವ ವ್ಯಕ್ತಿಯಾದರೂ ರಾಜಪತ್ರದ ಪ್ರಕಟಣೆಯಿಂದ 30 ದಿನಗಳೊಳಗೆ ಆಕ್ಷೇಪಿಸಲು 100ನೇ ಕಲಂ ಅವಕಾಶ ಕೊಡುತ್ತದೆ.

ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಮಟ್ಟಿಗೆ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 18ನೇ ಕಲಂ ದಕ್ಷ, ಸಮರ್ಪಕ, ಮಿತವ್ಯಯದ ಸೇವೆಯನ್ನು ಅದರ ಸಾಮಾನ್ಯ ಕರ್ತವ್ಯವೆಂದು ಹೇಳುತ್ತದೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಡಿ ಮಹಿಳೆಯರ ಉಚಿತ ಪ್ರಯಾಣ ಸರ್ಕಾರಿ ನಿಗಮಗಳ ಬಸ್ಸುಗಳಿಗೆ ಸೀಮಿತವಾದ ಕಾರಣ, ಖಾಸಗಿ ಬಸ್ಸಷ್ಟೇ ಓಡುವ ಮಾರ್ಗದ ಮಹಿಳೆಯರು ಪೂರ್ತಿ ದರ ಕೊಟ್ಟೇ ಪ್ರಯಾಣಿಸಬೇಕಾಗುತ್ತದೆ. ನಿಗಮದ ಚಿಕ್ಕಮಗಳೂರು ವಿಭಾಗಕ್ಕೆ ಹೊಸ ಮಾರ್ಗ ಕೋರುವ ಮನವಿಯಲ್ಲಿ ಈ ಅಸಮಾನತೆಯನ್ನು ಗ್ರಾಮಸಭೆಯ ನಿರ್ಣಯದೊಡನೆ ಮಂಡಿಸುವುದು ಸೂಕ್ತ. ಇನ್ನು ರಸ್ತೆ ಸಾರಿಗೆಯನ್ನೂ ಸಾರ್ವಜನಿಕ ನೈರ್ಮಲ್ಯವನ್ನೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯು ಸಾರ್ವಜನಿಕ ಉಪಯುಕ್ತ ಸೇವೆಗಳೆಂದು ಪರಿಗಣಿಸಿರುವುದರಿಂದ, ಅವುಗಳ ಕುರಿತ ವ್ಯಾಜ್ಯವನ್ನು ನ್ಯಾಯಾಲಯಕ್ಕೆ ಒಯ್ಯುವ ಮುನ್ನವೇ ಖಾಯಂ ಜನತಾ ನ್ಯಾಯಾಲಯದ ಮುಂದೆ ಇಡಬಹುದು. ರಾಜಿ ಮಾಡಿಸಲು ಆಗದಿದ್ದರೆ ಅದಕ್ಕೆ ತೀರ್ಮಾನ ಕೊಡುವ ಅಧಿಕಾರವೂ ಇದೆ. ಈ ದಾರಿಯನ್ನು ಬಲ್ಲವರು ಕಡಿಮೆ.

ಎರಡೂ ಕ್ಷೇತ್ರಗಳಿಗೆ ಸಮಾನವಾದ ಸಾಧನವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಪರ್ಮಿಟ್ಟಿನ ಷರತ್ತು, ಅನುಮೋದಿತ ವೇಳಾಪಟ್ಟಿ, ನದಿನೀರಿನ ಪರೀಕ್ಷಾ ವರದಿ, ಮರ ಕಡಿಯುವ ಅನುಮತಿ ಇವೆಲ್ಲವನ್ನೂ 10 ರೂಪಾಯಿ ಶುಲ್ಕದ ಅರ್ಜಿಯಿಂದ ಪಡೆಯಬಹುದು. ಕಡತ ಮತ್ತು ಕಾಮಗಾರಿಯನ್ನು ಪರಿಶೀಲಿಸುವುದು, ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವುದು ಸಹ ಈ ಹಕ್ಕಿನಲ್ಲಿ ಅಡಕವಾಗಿವೆ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕಾದ್ದರಿಂದ, ಬಸ್ಸು ಮತ್ತು ಹೊಳೆಯನ್ನು ಒಂದೇ ಅರ್ಜಿಯಲ್ಲಿ ಸೇರಿಸಬಾರದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದರ ಆದೇಶ ಬಂದ ಅಥವಾ ಬರಬೇಕಿದ್ದ ದಿನದಿಂದ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲುತ್ತದೆ.

ಗುಂಪಾಗಿ ದುಡಿಯುವವರು ಏಳು ಮಂದಿ ಕೂಡಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಬಹುದು. ಮೇಲಿನ ಯಾವ ಅರ್ಜಿಗೂ ನೋಂದಣಿ ಕಡ್ಡಾಯವಲ್ಲ, ಹಣ ಸಂಗ್ರಹಿಸುವಾಗ ಮಾತ್ರ ಲೆಕ್ಕಪತ್ರದ ದೃಷ್ಟಿಯಿಂದ ಅದು ಕ್ಷೇಮಕರ. ಸಂಘ ಕಟ್ಟುವ ಮೊದಲೇ ಪ್ರವೇಶಿಸಬಹುದಾದ ಒಂದು ಜಾಗ ಗ್ರಾಮ ಪಂಚಾಯಿತಿಯಲ್ಲಿಯೂ ಮೂರು ತಾಲ್ಲೂಕು ಕೇಂದ್ರಗಳ ಪಟ್ಟಣ ಪಂಚಾಯಿತಿಗಳಲ್ಲಿಯೂ ಇದೆ: 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕೆಂದು ಹೇಳುತ್ತದೆ. ಊರಿನ ಸಸ್ಯ, ಪ್ರಾಣಿ ಮತ್ತು ಪಾರಂಪರಿಕ ಜ್ಞಾನವನ್ನು ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿ ಈ ಸಮಿತಿಯ ಹೊಣೆ. ಹಳ್ಳದ ಮೀನು, ದೇವರಕಾಡು, ಮಾವಿನ ಮಿಡಿಯ ತಳಿ ಇವುಗಳನ್ನು ಬಲ್ಲ ಸ್ಥಳೀಯರಿಲ್ಲದೆ ಅದು ಬರಿಯ ನಮೂನೆಯಾಗಿ ಉಳಿಯುತ್ತದೆ. ವ್ಯಾಜ್ಯದ ಹಂತ ಬಂದಾಗ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿದ್ದು, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯ ಮೇಲೆ ಬರೆದ ಅರ್ಜಿ ಕೊಟ್ಟರೂ ಸಾಕು.