ಚೈನ್ ಉಜ್ಜುವ ಸದ್ದು ಬಂದರೆ ಮೊದಲು ಏನು ನೋಡಬೇಕು?

ನಮ್ಮ ವಿಜಯಪುರದಲ್ಲಿ ಸೈಕ್ಲಿಂಗ್ ಹುಚ್ಚು ಇರುವವರು ಬಹಳ. ನಮ್ಮ ಕಾಲೇಜಿನ ಸ್ಟ್ಯಾಂಡಿನಲ್ಲಿಯೂ ಈಗ ಗೇರ್ ಸೈಕಲ್‌ಗಳು ಕಾಣುತ್ತಿವೆ. ನನ್ನದು ಭಾಯಿಜಾನ್ ಓಡಿಸಿದ ಹಳೆಯ ರೋಡ್ ಸೈಕಲ್. ಅವರು ಓದು ಬಿಟ್ಟು ಅಬ್ಬಾ ಜೊತೆ ಅಂಗಡಿಯಲ್ಲಿ ಕೂರಲು ಶುರು ಮಾಡಿದ ಮೇಲೆ ಅದನ್ನು ನನಗೆ ಕೊಟ್ಟರು. "ಚೆನ್ನಾಗಿ ನೋಡಿಕೋ" ಎಂದಷ್ಟೇ ಹೇಳಿದ್ದರು.

ಕಳೆದ ತಿಂಗಳು ಅದರ ಚೈನ್ ಕರಕರ ಎನ್ನತೊಡಗಿತು. ಅದನ್ನು ಸರಿಮಾಡುವಾಗ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾಡಿದ ತಪ್ಪನ್ನೂ ಬರೆಯುತ್ತೇನೆ.

ಮೊದಲು ಸೈಕಲ್ ಬಗ್ಗೆ ಎರಡು ಮಾತು. ರೋಡ್ ಸೈಕಲ್‌ನಲ್ಲಿ ಪೆಡಲ್ ಹತ್ತಿರ ಹಲ್ಲಿನ ಎರಡು ಚಕ್ರಗಳು ಅಕ್ಕಪಕ್ಕ ಇರುತ್ತವೆ. ಇವುಗಳಿಗೆ ಚೈನ್‌ರಿಂಗ್ ಎನ್ನುತ್ತಾರೆ. ನನ್ನ ಸೈಕಲ್‌ನಲ್ಲಿ ಹೊರಗಿನ ದೊಡ್ಡದಕ್ಕೆ 50 ಹಲ್ಲು, ಒಳಗಿನ ಚಿಕ್ಕದಕ್ಕೆ 34 ಹಲ್ಲು. ಹಿಂದಿನ ಗಾಲಿಯಲ್ಲಿ 11ರಿಂದ 28 ಹಲ್ಲಿನವರೆಗೆ ಒಟ್ಟು 9 ಚಕ್ರಗಳಿವೆ. ಹಿಂದೆ ಅತಿ ಚಿಕ್ಕ ಚಕ್ರ ಎಲ್ಲಕ್ಕಿಂತ ಹೊರಗಿರುತ್ತದೆ. ಮುಂದೆ ಚಿಕ್ಕ ರಿಂಗ್ ಒಳಗಿರುತ್ತದೆ. ಆದ್ದರಿಂದ ಮುಂದೆಯೂ ಚಿಕ್ಕದು, ಹಿಂದೆಯೂ ಚಿಕ್ಕದು ಹಾಕಿದರೆ ಚೈನ್ ಓರೆಯಾಗಿ ಹೊರಗೆ ವಾಲುತ್ತದೆ. ಆಗ ಅದು ದೊಡ್ಡ ರಿಂಗಿನ ಒಳಮೈಗೆ ತಾಗಿ ಉಜ್ಜುತ್ತದೆ.

ಸದ್ದು ಬಂದರೆ ಈ ಕ್ರಮದಲ್ಲಿ ನೋಡಿ.

1. ಸದ್ದು ಎಲ್ಲಿಂದ? ಒಬ್ಬರು ಹಿಂದಿನ ಗಾಲಿ ಎತ್ತಿ ಹಿಡಿಯಲಿ, ಇನ್ನೊಬ್ಬರು ಪೆಡಲ್ ಅನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸಲಿ. ಬೆರಳು ಚೈನಿನಿಂದ ದೂರ ಇರಲಿ. ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ತಳ್ಳುವ ಭಾಗಕ್ಕೆ ಫ್ರಂಟ್ ಡಿರೇಲರ್ ಎಂದು ಹೆಸರು. ಅದರ ತಗಡಿಗೆ ಚೈನ್ ತಾಗುತ್ತಿದ್ದರೆ ಡಿರೇಲರಿನ ಸ್ಕ್ರೂ, ಕೇಬಲ್ ಸರಿಮಾಡಬೇಕು. ದೊಡ್ಡ ರಿಂಗಿನ ಒಳಮೈಯಲ್ಲಿ ಹೊಸದಾಗಿ ಉಜ್ಜಿದ ಹೊಳೆಯುವ ಗೆರೆ ಕಂಡರೆ ಡಿರೇಲರ್ ಮುಟ್ಟಬೇಡಿ, ತೊಂದರೆ ಬೇರೆ.

2. ಯಾವ ಗೇರಿನಲ್ಲಿ? ಚಿಕ್ಕ ರಿಂಗಿನಲ್ಲಿದ್ದಾಗ ಹಿಂದಿನ ಕೊನೆಯ ಒಂದೆರಡು ಚಿಕ್ಕ ಚಕ್ರಗಳಲ್ಲಿ ಮಾತ್ರ ಉಜ್ಜಿದರೆ ಅದು ಸಾಮಾನ್ಯವಾಗಿ ಕೆಟ್ಟಿರುವುದಲ್ಲ. ಆ ಗೇರ್ ಬಿಡಿ. ಬಿಟ್ಟರೆ ನಷ್ಟವೂ ಇಲ್ಲ. ಲೆಕ್ಕ ನೋಡಿ: 34 ಭಾಗಿಸು 11 ಎಂದರೆ 3.09. 50 ಭಾಗಿಸು 16 ಎಂದರೆ 3.13. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಪೆಡಲ್ ಒಂದು ಸುತ್ತು ಹಾಕಿದರೆ ಮೊದಲನೆಯದರಲ್ಲಿ 6.49 ಮೀಟರ್, ಎರಡನೆಯದರಲ್ಲಿ 6.56 ಮೀಟರ್ ಹೋಗುತ್ತೇವೆ. ವ್ಯತ್ಯಾಸ ಒಂದು ಗೇಣೂ ಇಲ್ಲ. ದೊಡ್ಡ ರಿಂಗಿಗೆ ಬದಲಿಸಿದರೆ ಚೈನ್ ನೇರವಾಗುತ್ತದೆ, ಸವೆತವೂ ಕಡಿಮೆ.

3. ನಡುವಿನ ಗೇರ್‌ಗಳಲ್ಲೂ ಉಜ್ಜಿದರೆ? ಎರಡು ರಿಂಗ್‌ಗಳ ನಡುವಿನ ಸಂದು ನೋಡುತ್ತಾ ಪೆಡಲ್ ತಿರುಗಿಸಿ. ಸಂದು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದರೆ ರಿಂಗ್ ಬಾಗಿರಬಹುದು ಅಥವಾ ಬೋಲ್ಟ್ ಸಡಿಲವಾಗಿರಬಹುದು. ಸುತ್ತಲೂ ಒಂದೇ ಸಮ ಇದ್ದೂ ಕಡಿಮೆ ಇದ್ದರೆ ಚೈನ್ ಅಗಲವಾಗಿರಬಹುದು ಅಥವಾ ರಿಂಗ್ ತಿರುವುಮುರುವಾಗಿ ಕೂತಿರಬಹುದು. 8 ಗೇರಿನ ಚೈನ್ ಸುಮಾರು 7 ಮಿಲಿಮೀಟರ್ ಅಗಲ, 9 ಗೇರಿನದು 6.6, 10 ಗೇರಿನದು ಸುಮಾರು 6. ಅರ್ಧ ಮಿಲಿಮೀಟರ್ ಹೆಚ್ಚಾದರೂ ಇಲ್ಲಿ ಸದ್ದು ಬರುತ್ತದೆ.

ನನ್ನ ತಪ್ಪು ಆದದ್ದು ಇಲ್ಲಿಯೇ. ಸದ್ದು ಶುರುವಾಗುವ ವಾರದ ಹಿಂದೆ ನಮ್ಮ ಓಣಿಯ ಸೈಕಲ್ ಅಂಗಡಿಯ ಕಾಕಾ ಹೊಸ ಚೈನ್ ಹಾಕಿಕೊಟ್ಟಿದ್ದರು. ಅರ್ಧ ದುಡ್ಡು ಮುಂದಿನ ತಿಂಗಳು ಕೊಡು ಎಂದಿದ್ದರು. ನಾನು ಒಂದನ್ನೂ ಪರೀಕ್ಷೆ ಮಾಡದೆ ನೇರವಾಗಿ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಮುಂದೆ, "ಬೇರೆ ಚೈನ್ ಹಾಕಿದ್ದೀರಿ, ಉಳಿದ ದುಡ್ಡು ಕೊಡುವುದಿಲ್ಲ" ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಚೈನಿನ ಡಬ್ಬಿ ತೆಗೆದು ತೋರಿಸಿದರು, 9 ಗೇರಿನದೇ. "ಚೈನಿನ ತಪ್ಪಲ್ಲ ತಮ್ಮಾ. ಆಮ್ಯಾಲ ನೀ ಏನರ ಬಿಚ್ಚೀಯೇನು, ನೆನಪ ಮಾಡಿಕೋ" ಎಂದರು.

ಮನೆಗೆ ಬಂದು ಯೋಚಿಸಿದಾಗ ನೆನಪಾಯಿತು. ಹೊಸ ಚೈನ್ ಬಂದ ಖುಷಿಯಲ್ಲಿ ಗೆಳೆಯನ ಹತ್ತಿರ ಟೂಲ್ ತಂದು, ಕ್ರ್ಯಾಂಕ್ ಬಿಚ್ಚಿ, ಎರಡೂ ರಿಂಗ್ ತೊಳೆದು ನಾನೇ ಮತ್ತೆ ಜೋಡಿಸಿದ್ದೆ. ಮತ್ತೆ ಬಿಚ್ಚಿ ನೋಡಿದೆ. ಚಿಕ್ಕ ರಿಂಗಿನ ಬೋಲ್ಟ್ ತೂತುಗಳ ಸುತ್ತ ನಟ್ಟಿನ ತಲೆ ಕೂರಲು ಸಣ್ಣ ತಗ್ಗು ಇದೆ. ಅದು ಸೈಕಲ್ ಫ್ರೇಮಿನ ಕಡೆ ಇರಬೇಕು. ನಾನು ದೊಡ್ಡ ರಿಂಗಿನ ಕಡೆ ಮಾಡಿ ಕೂರಿಸಿದ್ದೆ. ಹಲ್ಲಿನ ಸಾಲು ರಿಂಗಿನ ನಟ್ಟನಡುವೆ ಇರುವುದಿಲ್ಲವಾದ್ದರಿಂದ ತಿರುವಿದರೆ ಸಂದು ಕಿರಿದಾಗುತ್ತದೆ.

ಅಕೌಂಟೆನ್ಸಿ ಓದುವವರಿಗೆ ಇದು ಹೊಸದಲ್ಲ. ಮೊತ್ತ ಸರಿ ಇದ್ದು ಡೆಬಿಟ್ ಬದಲು ಕ್ರೆಡಿಟ್ ಕಡೆ ಬರೆದರೆ ಟ್ರಯಲ್ ಬ್ಯಾಲೆನ್ಸ್ ಎರಡರಷ್ಟು ತಪ್ಪುತ್ತದೆ. ಆಗ ಅಂಗಡಿಯವನ ಬಿಲ್ಲಿನ ಮೇಲೆ ಸಂಶಯ ಪಡುವ ಮೊದಲು ನಾವು ಬರೆದದ್ದನ್ನು ನೋಡಬೇಕು.

4. ಜೋಡಿಸುವ ಕ್ರಮ. ರಿಂಗಿನ ಮೇಲಿರುವ ಗುರುತನ್ನು ಪೆಡಲ್ ತೋಳಿನ ಸಾಲಿಗೆ ತನ್ನಿ. ದೊಡ್ಡ ರಿಂಗಿನ ಹೊರಮೈಯಲ್ಲಿ ಮೊಳೆಯಂಥ ಪಿನ್ ಇದ್ದರೆ ಅದು ತೋಳಿನ ಹಿಂದೆ ಬರಬೇಕು. ಬೋಲ್ಟ್ ಎಳೆಗಳಿಗೆ ಸ್ವಲ್ಪ ಗ್ರೀಸ್ ಹಚ್ಚಿ. ಒಂದನ್ನೇ ಪೂರ್ತಿ ಬಿಗಿಯದೆ ಒಂದು ಬಿಟ್ಟು ಒಂದರಂತೆ ಸ್ವಲ್ಪ ಸ್ವಲ್ಪ ಬಿಗಿಯಿರಿ. ಕೊನೆಗೆ ಡಿರೇಲರ್ ತಗಡು ದೊಡ್ಡ ರಿಂಗಿನ ಹಲ್ಲಿಗಿಂತ 1ರಿಂದ 3 ಮಿಲಿಮೀಟರ್ ಮೇಲಿದೆಯೇ, ರಿಂಗಿಗೆ ಸಮನಾಂತರವಾಗಿದೆಯೇ ನೋಡಿ. ಕ್ರ್ಯಾಂಕ್ ಬಿಚ್ಚಿ ಗೊತ್ತಿಲ್ಲದವರು ಅಂಗಡಿಯಲ್ಲೇ ಮಾಡಿಸಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನಾನು ತೆಗೆದಿರಲಿಲ್ಲ.

ರಿಂಗ್ ತಿರುವಿ ಹಾಕಿದ ಮೇಲೆ ನಡುವಿನ ಗೇರ್‌ಗಳ ಸದ್ದು ನಿಂತಿತು. ಕೊನೆಯ 11ರಲ್ಲಿ ಈಗಲೂ ಸ್ವಲ್ಪ ಇದೆ, ಆ ಗೇರ್ ಹಾಕುವುದನ್ನೇ ಬಿಟ್ಟಿದ್ದೇನೆ.

ಸೈಕಲ್ ಸರಿಯಾಯಿತು, ಆದರೆ ಆಡಿದ ಮಾತು ಬಾಕಿ ಇತ್ತು. ಭಾಯಿಜಾನ್‌ಗೆ ಹೇಳಿದೆ. "ನಾಲ್ಕು ಜನರ ಮುಂದೆ ಅಂದಿದ್ದೀಯ, ಮಾಫಿಯೂ ನಾಲ್ಕು ಜನರ ಮುಂದೆಯೇ ಕೇಳು" ಎಂದರು. ಮರುದಿನ ಸಂಜೆ ಅಂಗಡಿಯಲ್ಲಿ ಜನ ಇರುವ ಹೊತ್ತಿಗೇ ಹೋಗಿ, ತಪ್ಪು ನನ್ನದು ಎಂದು ಹೇಳಿ ಉಳಿದ ದುಡ್ಡು ಕೊಟ್ಟೆ. ಕಾಕಾ ದುಡ್ಡು ಎಣಿಸದೆ ಜೇಬಿಗೆ ಹಾಕಿಕೊಂಡು, "ರಿಂಗ್ ಯಾವ ಕಡಿ ಹಾಕೀದಿ, ತೋರಸು" ಎಂದು ಸೈಕಲ್ ಮುಂದೆ ಕುಳಿತರು. ಎರಡು ಬೋಲ್ಟ್ ಇನ್ನೂ ಸಡಿಲ ಇದ್ದವು. ಅವರೇ ಬಿಗಿದುಕೊಟ್ಟರು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ